ಕಲಾ ಇತಿಹಾಸ ಓದಬೇಕೆ? ನಾರಾಯಣಪೇಟೆ, ಮಕ್ತಲ್, ಗದ್ವಾಲದ ವಿದ್ಯಾರ್ಥಿಗಳಿಗೆ ಒಂದಿಷ್ಟು ಮಾಹಿತಿ

ಪಿಯುಸಿ ಅಥವಾ ಇಂಟರ್ ಫಲಿತಾಂಶ ಬಂದ ಮರುದಿನ ಮನೆಯಲ್ಲಿ ಏಳುವ ಪ್ರಶ್ನೆಗಳು ಹೆಚ್ಚಿಲ್ಲ. ಮಾರ್ಕ್ಸ್ ಚೆನ್ನಾಗಿದ್ದರೆ ಇಂಜಿನಿಯರಿಂಗ್, ನೀಟ್. ಸಾಧಾರಣ ಇದ್ದರೆ ಬಿ.ಕಾಂ. ಅದೂ ಬೇಡ ಅಂದರೆ ಗಲ್ಫ್‌ಗೆ ಒಂದು ವೀಸಾ. ಇದರ ನಡುವೆ ಮಗನೋ ಮಗಳೋ "ನಾನು ಕಲಾ ಇತಿಹಾಸ ಓದ್ತೇನೆ" ಅಂದರೆ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಬರುವ ಮಾತು ಹೆಚ್ಚಾಗಿ, "ಅಂದರೆ ಡ್ರಾಯಿಂಗ್ ಮಾಸ್ಟರ್ ಆಗುವುದಾ?" ಎಂಬುದು.

ಅಲ್ಲ. ಚಿತ್ರ ಬಿಡಿಸಲು ಬಾರದವರೂ ಈ ವಿಷಯ ಓದಬಹುದು, ಓದಿದ್ದಾರೆ. ಕಟ್ಟಡ, ಶಿಲ್ಪ, ಚಿತ್ರ, ಬಟ್ಟೆ, ಲೋಹದ ಪಾತ್ರೆ, ಕೈಬರಹದ ಗ್ರಂಥ ಇವೆಲ್ಲ ಯಾರು ಮಾಡಿದ್ದು, ಯಾರ ದುಡ್ಡಿನಲ್ಲಿ, ಯಾವಾಗ, ಯಾವ ವಿಧಾನದಲ್ಲಿ, ಯಾಕೆ ಹಾಗೆಯೇ ಮಾಡಿದರು ಎಂದು ಸಾಕ್ಷ್ಯ ಹಿಡಿದು ಕೇಳುವ ಶಾಸ್ತ್ರ ಇದು. ಇತಿಹಾಸದವರು ಕಾಗದ ಓದುತ್ತಾರೆ, ಇವರು ಕಾಗದದ ಜೊತೆಗೆ ವಸ್ತುವನ್ನೂ ಓದುತ್ತಾರೆ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಮಂಗಳೂರಿನಲ್ಲಿ ಕೂತು ತೆಲಂಗಾಣದ ಗಡಿಯ ಬಗ್ಗೆ ಬರೆಯುವುದು ಯಾಕೆ ಅಂತ ಕೇಳಬಹುದು. ಕರಾವಳಿಯ ನಮಗೆ ಗದ್ವಾಲ ಮತ್ತು ನಾರಾಯಣಪೇಟೆ ಎಂದರೆ ಜವಳಿ ಅಂಗಡಿಯ ಕಪಾಟಿನಲ್ಲಿರುವ ಎರಡು ಬಗೆಯ ಸೀರೆ, ಮುಗೀತು. ಆದರೆ ಅಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಮಸೀದಿಯ ಓಣಿಯಲ್ಲಿ ಉರ್ದು ಮಾತಾಡಿ ಬೆಳೆಯುವ ಮಕ್ಕಳಿದ್ದಾರೆ. ಕೃಷ್ಣಾ, ಮಕ್ತಲ್ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹತ್ತನೇ ತರಗತಿ ಮುಗಿದ ಮೇಲೆ ಇವರು ತೆಲುಗಿಗೋ ಇಂಗ್ಲಿಷಿಗೋ ಹೊರಳಬೇಕು, ಇಲ್ಲವೇ ನದಿ ದಾಟಿ ರಾಯಚೂರಿಗೆ ಬರಬೇಕು. ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡ ಈ ಮಕ್ಕಳಿಗೆ ಮೂರು ಭಾಷೆ ಗೊತ್ತಿರುವುದು ಒಂದು ಹೊರೆ ಎಂದೇ ಎಲ್ಲರೂ ಹೇಳುತ್ತಾರೆ. ಕಲಾ ಇತಿಹಾಸದಲ್ಲಿ ಮಾತ್ರ ಅದೇ ದೊಡ್ಡ ಬಂಡವಾಳ. ಈ ಲೇಖನ ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ.

1956ರ ಗೆರೆ

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಈ ಇಡೀ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗದ್ವಾಲ ಮತ್ತು ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲೂಕುಗಳು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲೂಕು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. ಮಕ್ತಲ್, ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬ್‌ನಗರದ್ದು. ತೆಲಂಗಾಣ ಬಂದ ಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆಯಿತು.

ಗೆರೆ ಎಳೆದದ್ದು ಜನರ ಮೇಲೆ ಮಾತ್ರ ಅಲ್ಲ, ಓದಿನ ಮೇಲೂ. ಬಾದಾಮಿ ಚಾಲುಕ್ಯರ ಗುಡಿಗಳಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿನವು ಕರ್ನಾಟಕದ ಪಠ್ಯದಲ್ಲಿ ಇವೆ. ಅದೇ ರಾಜರ ಕಾಲದ ಆಲಂಪುರ ಗಡಿಯಾಚೆ ಹೋದದ್ದರಿಂದ ಕನ್ನಡ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಕಡಿಮೆ.

ಆಲಂಪುರ: ನೋಡುವುದು ಎಂದರೆ ಏನು

ಗದ್ವಾಲದಿಂದ ಬಸ್ಸಿನಲ್ಲಿ ಹೋಗಬಹುದಾದ ಊರು. ತುಂಗಭದ್ರೆಯ ದಡದಲ್ಲಿ ಏಳನೇ ಶತಮಾನದ ನಡುವಿನಿಂದ ಎಂಟನೇ ಶತಮಾನದ ನಡುವಿನ ಹೊತ್ತಿಗೆ ಕಟ್ಟಿದ ಒಂಬತ್ತು ಗುಡಿಗಳಿವೆ. ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ ಎಂದು ಹೆಸರು, ಎಲ್ಲದರ ಮುಂದೆ "ಬ್ರಹ್ಮ". ಒಳಗಿರುವುದು ಮಾತ್ರ ಶಿವಲಿಂಗ. ಮೊದಲ ಪ್ರಶ್ನೆ ಅಲ್ಲೇ ಶುರುವಾಯಿತು ನೋಡಿ.

ಎರಡನೇ ಪ್ರಶ್ನೆ ತಲೆ ಎತ್ತಿದರೆ ಬರುತ್ತದೆ. ಬಹುಪಾಲು ಗುಡಿಗಳ ಶಿಖರ ಬಾಗಿ ಮೇಲೇರಿ, ನೆತ್ತಿಯಲ್ಲಿ ನೆಲ್ಲಿಕಾಯಿಯ ಹಾಗೆ ಪಟ್ಟೆಪಟ್ಟೆಯ ದುಂಡು ಕಲ್ಲು ಹೊತ್ತಿವೆ. ಇದು ಉತ್ತರ ಭಾರತದ ರೀತಿ, ನಾಗರ ಶೈಲಿ ಅನ್ನುತ್ತಾರೆ. ಕೃಷ್ಣಾ-ತುಂಗಭದ್ರೆ ಸೇರುವ ಜಾಗದ ಹತ್ತಿರ ಉತ್ತರದ ಶಿಖರ ಹೇಗೆ ಬಂತು? ಪಟ್ಟದಕಲ್ಲಿಗೆ ಹೋದರೆ ಅಲ್ಲಿ ಗಳಗನಾಥ ಗುಡಿ ಆಲಂಪುರದ ಸ್ವರ್ಗಬ್ರಹ್ಮ, ವಿಶ್ವಬ್ರಹ್ಮಗಳಿಗೆ ತುಂಬ ಹತ್ತಿರ. ಅದೇ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಪೂರ್ತಿ ದಕ್ಷಿಣದ ರೀತಿ. ಒಂದೇ ಮನೆತನ, ಹೆಚ್ಚುಕಡಿಮೆ ಒಂದೇ ಕಾಲ, ಆದರೆ ಎರಡು ಶೈಲಿ. ಶಿಲ್ಪಿಗಳ ತಂಡ ಊರಿಂದೂರಿಗೆ ಹೋಗುತ್ತಿತ್ತೇ? ಕಟ್ಟಿಸುವವರು ಇಂಥದ್ದೇ ಬೇಕು ಅಂತ ಆರಿಸುತ್ತಿದ್ದರೇ? ಇದಕ್ಕೆ ಉತ್ತರ ಹುಡುಕುವಾಗ ಕಂಬದ ಅಳತೆ, ಬಾಗಿಲುವಾಡದ ಕೆತ್ತನೆ, ಜಾಲಂಧ್ರದ ವಿನ್ಯಾಸ, ಗೋಡೆಯ ಮೂರ್ತಿಗಳ ನಿಲುವು ಎಲ್ಲವನ್ನೂ ಒಂದೊಂದಾಗಿ ಹೋಲಿಸಬೇಕು. ಅದಕ್ಕೆ ಕಣ್ಣು ಪಳಗಬೇಕು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿಸುವುದರಲ್ಲಿ ಅರ್ಧ ಪಾಲು ಇದೇ.

ಇನ್ನರ್ಧ ಬರಹ. ಸ್ವರ್ಗಬ್ರಹ್ಮ ಗುಡಿಯಲ್ಲಿ ಚಾಲುಕ್ಯ ವಿನಯಾದಿತ್ಯನ (681-696) ಆಳ್ವಿಕೆಯ ಕಾಲದ ಶಾಸನ ಇದೆ. ಹಾಗಾಗಿ ಆ ಗುಡಿಗೆ ಕಾಲ ಹೇಳಬಹುದು. ಅದನ್ನು ಆಧಾರವಾಗಿಟ್ಟುಕೊಂಡು ಶಾಸನವಿಲ್ಲದ ಗುಡಿಗಳನ್ನು ಅದರ ಹಿಂದೆ ಮುಂದೆ ಜೋಡಿಸುತ್ತಾರೆ. ಆ ಕಾಲದ ಲಿಪಿ ಕನ್ನಡಕ್ಕೂ ತೆಲುಗಿಗೂ ಒಂದೇ. ಎರಡೂ ಅಕ್ಷರ ಬಲ್ಲ ಮಕ್ತಲ್‌ನ ಹುಡುಗಿಗೆ ಅದನ್ನು ಕಲಿಯುವುದು ದಿಲ್ಲಿಯ ವಿದ್ಯಾರ್ಥಿಗಿಂತ ಖಂಡಿತ ಸುಲಭ.

ಆಲಂಪುರದಲ್ಲಿ ಇನ್ನೊಂದು ವಿಚಿತ್ರ ಪಾಠ ಇದೆ. ಅಲ್ಲಿರುವ ಸಂಗಮೇಶ್ವರ ಗುಡಿ ಮೊದಲು ಅಲ್ಲಿರಲಿಲ್ಲ. ನದಿಗಳು ಸೇರುವ ಕೂಡವೆಲ್ಲಿಯಲ್ಲಿತ್ತು. ಶ್ರೀಶೈಲಂ ಜಲಾಶಯದ ನೀರಿನಲ್ಲಿ ಮುಳುಗಲಿದ್ದ ಅದನ್ನು ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಕಟ್ಟಿದರು. ಪಾಪನಾಶಿ ಗುಡಿಗಳ ಗುಂಪಿಗೂ ಅದೇ ಗತಿ ಆಯಿತು. ಗುಡಿ ಉಳಿಯಿತು, ಅದು ನಿಂತಿದ್ದ ಜಾಗ ಹೋಯಿತು. ನದಿ ಸಂಗಮಕ್ಕಾಗಿಯೇ ಕಟ್ಟಿದ ಗುಡಿಯನ್ನು ಸಂಗಮ ಬಿಟ್ಟು ಓದುವುದು ಹೇಗೆ? ಇಂಥ ಪ್ರಶ್ನೆಗೆ ಪರೀಕ್ಷೆಯಲ್ಲಿ ಒಂದೇ ಸರಿ ಉತ್ತರ ಇರುವುದಿಲ್ಲ.

ಆ ಗುಡಿಗಳ ಪಕ್ಕದಲ್ಲೇ ಶಾಹ್ ಅಲಿ ಪಹಿಲ್ವಾನ್ ದರ್ಗಾ ಇದೆ, ಉರೂಸ್ ನಡೆಯುತ್ತದೆ. ಪ್ರವಾಸಿ ಕೈಪಿಡಿಗಳು ಗುಡಿಯನ್ನು ಹೇಳಿ ದರ್ಗಾವನ್ನು ಬಿಡುವುದುಂಟು. ಉರೂಸಿಗೆ ಹೋದವರು ಗುಡಿಯನ್ನು ನೋಡದೆ ಬರುವುದೂ ಉಂಟು. ಕಲಾ ಇತಿಹಾಸದ ವಿದ್ಯಾರ್ಥಿಗೆ ಎರಡನ್ನೂ ಬಿಡುವ ಹಾಗಿಲ್ಲ. ಒಂದೇ ಊರು, ಒಂದೇ ಕೋಟೆಯೊಳಗಿನ ಚರಿತ್ರೆ.

"ಇದು ನಮ್ಮ ವಿಷಯವಾ?"

ಮುಸ್ಲಿಂ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಮೂರ್ತಿಗಳ ಬಗ್ಗೆ ಓದುವುದು ನಮಗೆ ಸರಿಯಾ ಎಂದು ಮುಜುಗರದಿಂದ ಕೇಳುತ್ತಾರೆ. ಮುಚ್ಚಿಡುವಂಥದ್ದೇನೂ ಇಲ್ಲ, ನೇರವಾಗಿಯೇ ಹೇಳಬೇಕು: ಓದುವುದು ಬೇರೆ, ಆರಾಧಿಸುವುದು ಬೇರೆ. ಇದಕ್ಕೆ ವಾದಕ್ಕಿಂತ ಒಬ್ಬ ಮನುಷ್ಯನ ಬದುಕು ಒಳ್ಳೆಯ ಉತ್ತರ.

ಗುಲಾಂ ಯಜ್ದಾನಿ. ದಿಲ್ಲಿಯಲ್ಲಿ ಹುಟ್ಟಿದವರು, ಅರಬಿ-ಪಾರಸಿ ವಿದ್ವಾಂಸರು. 1914ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾದಾಗ ಅದರ ನಿರ್ದೇಶಕರಾದರು. ಅಜಂತಾದ ಬೌದ್ಧ ಚಿತ್ರಗಳ ರಕ್ಷಣೆ ಅವರ ಕಾಲದಲ್ಲಿ ನಡೆಯಿತು. ಆ ಚಿತ್ರಗಳ ಬಗ್ಗೆ ಅವರು ಹೊರತಂದ ನಾಲ್ಕು ಭಾಗಗಳ ಗ್ರಂಥ 1930ರಿಂದ 1955ರವರೆಗೆ ಬಂತು. ವರಂಗಲ್ ಕಡೆಯ ಪಾಲಂಪೇಟೆಯ ಗುಡಿಗಳ ಬಗ್ಗೆ 1922ರಲ್ಲೇ ಪುಸ್ತಕ ಬರೆದರು. ಅಲ್ಲಿನ ರಾಮಪ್ಪ ಗುಡಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದು 2021ರಲ್ಲಿ, ಅಂದರೆ ಸುಮಾರು ನೂರು ವರ್ಷ ಆದಮೇಲೆ. ಬೀದರ್‌ನ ಕೋಟೆ, ಮಸೀದಿ, ಗೋರಿಗಳ ಮೇಲೆ ಅವರು 1947ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಬಿಟ್ಟು ಇವತ್ತಿಗೂ ಬೀದರ್ ಬಗ್ಗೆ ಯಾರೂ ಬರೆಯುವಂತಿಲ್ಲ. ಭಾರತದ ಅರಬಿ-ಪಾರಸಿ ಶಾಸನಗಳ ಸರಣಿಯನ್ನೂ ಅವರೇ ಸಂಪಾದಿಸಿದರು. 1959ರಲ್ಲಿ ಪದ್ಮಭೂಷಣ ಬಂತು. ಒಬ್ಬನೇ ಮನುಷ್ಯ ಬೌದ್ಧ ಗುಹೆ, ಕಾಕತೀಯ ಗುಡಿ, ಬಹಮನಿ ಮದರಸಾ ಮೂರನ್ನೂ ಒಂದೇ ಶ್ರದ್ಧೆಯಿಂದ ಅಳೆದು ಬರೆದ. ಇದು ನಮ್ಮ ವಿಷಯವಾ ಎಂಬ ಪ್ರಶ್ನೆ ಅವರಿಗೆ ಬಂದ ಹಾಗೆ ಕಾಣುವುದಿಲ್ಲ.

ಆಲಂಪುರ, ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಆ ಇಲಾಖೆಯ ವ್ಯಾಪ್ತಿಯಲ್ಲೇ ಇದ್ದವು. ಆ ಇಲಾಖೆಯ ಗ್ರಂಥಮಾಲೆಯಲ್ಲಿ ಕನ್ನಡಕ್ಕೂ ಜಾಗ ಇತ್ತು. ಪಿ.ಬಿ. ದೇಸಾಯಿಯವರು ಸಂಪಾದಿಸಿದ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ ಅದೇ ಮಾಲೆಯದ್ದು. ರಾಜ್ಯವೇ ಇಲ್ಲವಾದ ಮೇಲೆ, 1958ರಲ್ಲಿ ಅದು ಬಂತು.

ರಾಯಚೂರು ಕೋಟೆಯ ಮೂರು ಭಾಷೆ

ಕೃಷ್ಣಾ ಸ್ಟೇಷನ್ನಿನಿಂದ ರೈಲು ಹತ್ತಿ ಸೇತುವೆ ದಾಟಿದರೆ ರಾಯಚೂರು. ಗದ್ವಾಲದಿಂದಲೂ ಈಗ ರೈಲು ಇದೆ. ಆ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗಿಂತ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನ, ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲಿಟ್ಟು ಜಾನುವಾರುಗಳ ಸಾಲು ಎಳೆದು ತರುವ ದೃಶ್ಯವನ್ನೂ ಅಲ್ಲೇ ಗೀರಿದ್ದಾರೆ. ಕಲಾ ಇತಿಹಾಸದವರಿಗೆ ಇದಕ್ಕಿಂತ ಸಿಹಿ ಸಿಗುವುದು ಕಷ್ಟ: ಕಟ್ಟಿದವರೇ, ಕಟ್ಟಿದ್ದು ಹೇಗೆ ಎಂದು ಚಿತ್ರ ಬರೆದಿಟ್ಟಿದ್ದಾರೆ.

ಆಮೇಲೆ ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲ್ ಶಾಹಿಗಳು ಈ ಕೋಟೆಗಾಗಿ ಹೊಡೆದಾಡಿದರು. 1520ರ ಯುದ್ಧದಲ್ಲಿ ಕೃಷ್ಣದೇವರಾಯ ಗೆದ್ದ. ಬಾಗಿಲುಗಳು ಒಡೆದವು, ಮತ್ತೆ ಕಟ್ಟಿದವು. ಕಾಟೀ ದರ್ವಾಜಾ, ನೌರಂಗಿ ದರ್ವಾಜಾ ಎಂಬ ಬಾಗಿಲುಗಳನ್ನು ನೋಡಿದರೆ ಯಾವ ಕಲ್ಲು ಯಾವ ಕಾಲದ್ದು ಎಂದು ಬಿಡಿಸುವುದೇ ಒಂದು ಕೆಲಸ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ತಮ್ಮ ಪುಸ್ತಕದಲ್ಲಿ ಕಲ್ಯಾಣ, ವರಂಗಲ್ ಜೊತೆಗೆ ರಾಯಚೂರನ್ನು ಇಟ್ಟು ಈ ಕೆಲಸ ಮಾಡಿದ್ದಾರೆ. ಒಬ್ಬರಿಗೆ ಪಾರಸಿ ಮೂಲಗಳ ಮೇಲೆ ಹಿಡಿತ, ಇನ್ನೊಬ್ಬರಿಗೆ ತೆಲುಗು-ಸಂಸ್ಕೃತದ ಮೇಲೆ. ಇಬ್ಬರು ಸೇರಿದರೇ ಕೋಟೆ ಮಾತಾಡುವುದು. ಅದೇ ಊರಿನಲ್ಲಿ ಒಂದೇ ಮಿನಾರಿನ ಮಸೀದಿ ಇದೆ, 1513ರದ್ದು, ಪಾರಸಿ ಶಾಸನ ಇದೆ. ಇನ್ನು ಕೋಟೆಯ ಸುತ್ತಮುತ್ತ ಕನ್ನಡ ಶಾಸನಗಳಿಗೇನೂ ಬರವಿಲ್ಲ.

ಲೆಕ್ಕ ಹಾಕಿ ನೋಡಿ. ಕನ್ನಡ ಮನೆಯಲ್ಲಿ ಬಂತು. ತೆಲುಗು ಶಾಲೆ, ಬಸ್‌ಸ್ಟ್ಯಾಂಡಿನಲ್ಲಿ ಬಂತು. ಮದರಸದಲ್ಲಿ ಅರಬಿ ಅಕ್ಷರ ಓದಿದವರಿಗೆ, ದಖ್ಖನಿ ಉರ್ದು ಆಡುವವರಿಗೆ ಪಾರಸಿ ಲಿಪಿ ಪರಕೀಯವಲ್ಲ. ಅಮೆರಿಕದ ಸಂಶೋಧಕರು ವರ್ಷಗಟ್ಟಲೆ ಕಷ್ಟಪಟ್ಟು ಕಲಿಯುವ ಮೂರು ದಾರಿಗಳ ಮೊದಲ ಮೈಲಿ ನಾರಾಯಣಪೇಟೆಯ ಹುಡುಗನಿಗೆ ಹನ್ನೆರಡನೇ ವಯಸ್ಸಿಗೇ ದಾಟಿ ಆಗಿರುತ್ತದೆ. ಆದರೆ ಅವನಿಗೆ ಅದನ್ನು ಹೇಳುವವರಿಲ್ಲ. ಹಳೆ ಉರ್ದು-ಪಾರಸಿ ಕಾಗದ ಓದಬಲ್ಲ ಹಿರಿಯರು ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಮನೆಯ ಪೆಟ್ಟಿಗೆಯಲ್ಲಿ ಸನದು, ಇನಾಮು ಪತ್ರ ಇದ್ದರೂ ಮೊಮ್ಮಕ್ಕಳಿಗೆ ಅದು ಗೆದ್ದಲು ಹಿಡಿದ ಕಾಗದ ಅಷ್ಟೇ.

ಸೀರೆಯೂ ಪಠ್ಯವೇ

ಕಲಾ ಇತಿಹಾಸ ಅಂದರೆ ಬರೀ ಕಲ್ಲಿನ ಕಟ್ಟಡ ಅಂತ ತಿಳಿಯಬೇಡಿ. ಬಟ್ಟೆಯ ಚರಿತ್ರೆ ಇವತ್ತು ಈ ವಿಷಯದ ದೊಡ್ಡ ಕವಲು.

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಹತ್ತಿಯ ಹೊಕ್ಕಿಗೂ ಅಂಚಿನ ರೇಷ್ಮೆ ಹೊಕ್ಕಿಗೂ ಬೇರೆ ಬೇರೆ ಲಾಳಿ ಓಡುತ್ತವೆ. ಎರಡೂ ಸಂಧಿಸುವಲ್ಲಿ ಎಳೆಗೆ ಎಳೆ ಸಿಕ್ಕಿಸಿ ನೇಯುತ್ತಾರೆ. ಇದಕ್ಕೆ ಅಲ್ಲಿ ಕುಪ್ಪಡಂ ಅನ್ನುತ್ತಾರೆ. ಆ ಸಂಧಿಯಲ್ಲಿ ಗೋಪುರದ ಹಾಗೆ ಮೇಲೆದ್ದ ಹಲ್ಲುಗಳ ಸಾಲು ಬಂದರೆ ಅದು ಕೋಟಕೊಮ್ಮ. ಈಗ ನಮ್ಮ ಇಳಕಲ್ ಸೀರೆಯನ್ನು ಪಕ್ಕದಲ್ಲಿಡಿ. ಅಲ್ಲೂ ಸೆರಗು ಬೇರೆ ಹಾಸಿನದ್ದು, ಒಡಲಿಗೆ ಅದನ್ನು ಕೊಂಡಿ ಹಾಕಿ ಸೇರಿಸುತ್ತಾರೆ, ಸೆರಗಿಗೆ ತೋಪ್ ತೆನಿ ಎಂದು ಹೆಸರು. ಹತ್ತಿಗೆ ರೇಷ್ಮೆ ಸೇರಿಸಬೇಕು ಎಂಬ ಒಂದೇ ಸಮಸ್ಯೆಗೆ ಕೃಷ್ಣೆಯ ಕಣಿವೆಯ ಎರಡು ಊರುಗಳು ಕಂಡುಕೊಂಡ ಎರಡು ಉತ್ತರ ಇವು. ಯಾವುದು ಮೊದಲು, ಯಾರು ಯಾರಿಂದ ಕಲಿತರು, ಅಥವಾ ಯಾರೂ ಯಾರಿಂದಲೂ ಕಲಿಯಲಿಲ್ಲವೋ? ಎಂ.ಎ. ಪ್ರಬಂಧಕ್ಕೆ ಇಷ್ಟು ಸಾಕು, ಪಿಎಚ್‌ಡಿಗೂ ಸಾಕು.

ನಾರಾಯಣಪೇಟೆಯ ಸೀರೆಯ ಗುರುತು ಬೇರೆ: ಚೌಕುಳಿ ಒಡಲು, ಎದ್ದುಕಾಣುವ ಬಣ್ಣದ ಅಂಚು. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟು ಹೋದಾಗ ಹಿಂದೆ ಉಳಿದ ನೇಕಾರರಿಂದ ಇದು ಶುರುವಾಯಿತು ಎಂಬ ಕತೆ ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಗದ್ವಾಲದಲ್ಲಿ ಸಂಸ್ಥಾನದ ರಾಣಿ ನೇಕಾರರನ್ನು ಬನಾರಸಿಗೆ ಕಳಿಸಿ ಕಲಿಸಿದರು ಅನ್ನುತ್ತಾರೆ. ಕತೆ ಕತೆಯೇ. ಸೀರೆಯ ಅಂಚು ಮಹಾರಾಷ್ಟ್ರದ ಹಳೆ ಸೀರೆಗಳಿಗೆ ಎಷ್ಟು ಹೋಲುತ್ತದೆ, ಬನಾರಸಿನ ಬುಟ್ಟಾ ಗದ್ವಾಲದಲ್ಲಿ ಎಷ್ಟು ಇದೆ ಎಂದು ಬಟ್ಟೆ ಕೈಯಲ್ಲಿ ಹಿಡಿದು ನೋಡಿದರೆ ಕತೆಯ ತೂಕ ಗೊತ್ತಾಗುತ್ತದೆ. ಎರಡು ಸೀರೆಗೂ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಜಿಐ ಹೆಸರನ್ನು ಕಾಯುತ್ತದೆ, ಮಗ್ಗದ ಮಾತನ್ನು ಕಾಯುವುದಿಲ್ಲ. ಅಂಚುಗಳ ಹೆಸರು, ಬಣ್ಣಗಳ ಹೆಸರು, ಮಗ್ಗದ ಬಿಡಿಭಾಗಗಳ ಹೆಸರು ಕೆಲವು ಕನ್ನಡ, ಕೆಲವು ತೆಲುಗು, ಕೆಲವು ಮರಾಠಿ, ಉರ್ದು. ನೇಕಾರರ ಮಕ್ಕಳು ಮಗ್ಗ ಬಿಟ್ಟು ಹೈದರಾಬಾದಿಗೆ ಹೋದ ಹಾಗೆ ಆ ಪದಗಳೂ ಹೋಗುತ್ತವೆ. ಅವುಗಳನ್ನು ಬರೆದಿಡಲು ನೇಕಾರರ ಮನೆಯ ಮಗಳಿಗಿಂತ ಯೋಗ್ಯರು ಬೇರೆ ಯಾರು?

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಮುಡುಮಾಲದಲ್ಲಿ ನದಿಯ ಹತ್ತಿರ ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ನಿಲುವುಗಲ್ಲುಗಳಿವೆ, ಬೃಹತ್ ಶಿಲಾಯುಗದವು. ಒಂದು ಬಂಡೆಯ ಮೇಲಿನ ಗುಳಿಗಳು ಸಪ್ತರ್ಷಿ ಮಂಡಲದ ಆಕಾರದಲ್ಲಿವೆ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ಇದನ್ನು ಅಧ್ಯಯನ ಮಾಡಿದ್ದಾರೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು. ಊರಿನವರಿಗೆ ಆ ಕಲ್ಲುಗಳು ತಿಮ್ಮಪ್ಪ, ಒಂದು ಕಲ್ಲು ಎಲ್ಲಮ್ಮ. ಎರಡನೆಯದು, ಗದ್ವಾಲ, ವನಪರ್ತಿ, ಸುರಪುರದಂಥ ಸಣ್ಣ ಸಂಸ್ಥಾನಗಳಲ್ಲೂ ಚಿತ್ರಕಾರರು ಇದ್ದರು. ಹೈದರಾಬಾದಿನ ಜಗದೀಶ್ ಮಿತ್ತಲ್ ಅವರು ಇವುಗಳ ಬಗ್ಗೆ ಬರೆದಿದ್ದಾರೆ. ಬಿಜಾಪುರದ ಚಿತ್ರಗಳಿಗೆ ಸಿಕ್ಕ ಗಮನ ಇವಕ್ಕೆ ಸಿಕ್ಕಿಲ್ಲ. ಬಿಜಾಪುರದ್ದಂತೂ ಜಗತ್ತಿನ ತುಂಬ ಹರಡಿದೆ. 1570ರ ನುಜೂಮ್ ಅಲ್-ಉಲೂಮ್ ಎಂಬ ಅಲ್ಲಿನ ಚಿತ್ರಸಹಿತ ಗ್ರಂಥ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿದೆ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ದಖ್ಖನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನವನ್ನೇ ಮಾಡಿತು.

ದಾರಿ ಯಾವುದು

ಮೊದಲ ಡಿಗ್ರಿ ಊರಿನ ಹತ್ತಿರವೇ ಮಾಡಬಹುದು. ಗದ್ವಾಲದ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಸರ್ಕಾರಿ ಕಾಲೇಜು ಇದೆ, ನಾರಾಯಣಪೇಟೆಯಲ್ಲೂ ಸರ್ಕಾರಿ ಡಿಗ್ರಿ ಕಾಲೇಜು ಇದೆ. ಈ ಭಾಗಕ್ಕೆ 2008ರಲ್ಲಿ ಶುರುವಾದ ಪಾಲಮೂರು ವಿಶ್ವವಿದ್ಯಾಲಯ. ತೆಲಂಗಾಣದ ಡಿಗ್ರಿ ಸೀಟುಗಳು ದೋಸ್ತ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಂಚಿಕೆಯಾಗುತ್ತವೆ. ಬಿ.ಎ.ಯಲ್ಲಿ ಇತಿಹಾಸ ಇರಲಿ, ಜೊತೆಗೆ ಒಂದು ಭಾಷೆ ಗಟ್ಟಿಯಾಗಿ ಓದಿ. ಉರ್ದು ಸಿಗುವುದಾದರೆ ಬಿಡಬೇಡಿ. ಅಲ್ಲಿ ಕಲಾ ಇತಿಹಾಸ ಎಂಬ ಹೆಸರಿನ ಡಿಗ್ರಿ ಸಿಗಲಿಲ್ಲ ಅಂತ ಚಿಂತೆ ಬೇಡ. ಭಾರತದಲ್ಲಿ ಈ ವಿಷಯ ನಿಜವಾಗಿ ಶುರುವಾಗುವುದು ಎಂ.ಎ.ಯಲ್ಲಿ.

ಎಂ.ಎ. ಹಂತದಲ್ಲಿ ಹತ್ತಿರದ್ದು ಹೈದರಾಬಾದ್ ವಿಶ್ವವಿದ್ಯಾಲಯ. ಅಲ್ಲಿನ ಸರೋಜಿನಿ ನಾಯ್ಡು ಸ್ಕೂಲಿನ ಲಲಿತಕಲಾ ವಿಭಾಗದಲ್ಲಿ ಕಲಾ ಇತಿಹಾಸ ಮತ್ತು ದೃಶ್ಯ ಅಧ್ಯಯನದ ಸ್ನಾತಕೋತ್ತರ ಕೋರ್ಸ್ ಇದೆ. ದಿಲ್ಲಿಯ ಜೆಎನ್‌ಯುದಲ್ಲಿ ಸ್ಕೂಲ್ ಆಫ್ ಆರ್ಟ್ಸ್ ಆ್ಯಂಡ್ ಏಸ್ಥೆಟಿಕ್ಸ್ ಇದೆ. ಯಾವ ವಿಷಯದಲ್ಲಿ ಡಿಗ್ರಿ ಮಾಡಿದವರೂ ಅಲ್ಲಿ ಎಂ.ಎ.ಗೆ ಅರ್ಜಿ ಹಾಕಬಹುದು, ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ಮೊದಲು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಸ್ಥೆಯಾಗಿದ್ದು ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂದು ಹೆಸರಾಗಿರುವ ಕಡೆ ಕಲಾ ಇತಿಹಾಸ, ಮ್ಯೂಸಿಯಾಲಜಿ, ಸಂರಕ್ಷಣೆ ಮೂರಕ್ಕೂ ಬೇರೆ ಬೇರೆ ಎಂ.ಎ. ಇದೆ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನದ ಕಲಾಭವನ ಈ ವಿಷಯದ ಹಳೆಯ ಮನೆಗಳು. ಕಲಾಭವನ ಶುರುವಾದದ್ದು 1919ರಲ್ಲಿ.

ಕನ್ನಡದಲ್ಲೇ ಓ‌ದಬೇಕು, ಬರೆಯಬೇಕು ಅನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ (1991) ಒಳ್ಳೆಯ ಆಯ್ಕೆ. ಪುರಾತತ್ವ, ಶಾಸನ, ದೃಶ್ಯಕಲೆಗಳ ಕೆಲಸ ಅಲ್ಲಿ ಕನ್ನಡದಲ್ಲಿ ನಡೆಯುತ್ತದೆ. ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗ ಇದೆ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಚಿತ್ರ ಬಿಡಿಸುವವರಿಗೆ ಹೆಚ್ಚು ಒಗ್ಗುತ್ತವೆ, ಆದರೆ ಅಲ್ಲೂ ಕಲಾ ಇತಿಹಾಸ ಪಾಠವೇ. ಕರ್ನಾಟಕದಲ್ಲಿ ಅರ್ಜಿ ಹಾಕುವ ತೆಲಂಗಾಣದವರು ಹೊರರಾಜ್ಯದ ಸೀಟು, ಗಡಿನಾಡ ಕನ್ನಡಿಗರ ನಿಯಮ, ಶುಲ್ಕ ಮೂರನ್ನೂ ಆ ವರ್ಷದ ಪ್ರಕಟಣೆಯಲ್ಲಿ ಓದಿಯೇ ಮುಂದೆ ಹೋಗಿ. ಕಚೇರಿಗೆ ಫೋನ್ ಮಾಡಿ ಕೇಳಿದ್ದನ್ನು ನಂಬಿ ಹಣ ಕಟ್ಟಬೇಡಿ, ಬರಹದಲ್ಲಿ ಇದ್ದರೆ ಮಾತ್ರ ನಂಬಿ.

ಪಾರಸಿ ಹಿಡಿಯುವವರಿಗೆ ಇನ್ನೊಂದು ಬಾಗಿಲು ಇದೆ, ಇದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ (1998) ಪಾರಸಿ, ಅರಬಿ, ಇತಿಹಾಸ ಕಲಿಸುತ್ತದೆ. ಬಹಮನಿ, ಕುತುಬ್ ಶಾಹಿಗಳ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿಯವರ ಹೆಸರಿನ ದಖ್ಖನ್ ಅಧ್ಯಯನ ಕೇಂದ್ರ ಅಲ್ಲಿದೆ. ಅಲ್ಲಿಂದ ಪಾರಸಿಯಲ್ಲಿ ಎಂ.ಎ. ಮಾಡಿದವರು ಭಾರತೀಯ ಪುರಾತತ್ವ ಇಲಾಖೆ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಪುರಾತತ್ವದ ಪಿ.ಜಿ. ಡಿಪ್ಲೊಮಾಗೂ ಅರ್ಜಿ ಹಾಕಬಹುದು. ಅದೇ ಇಲಾಖೆಯ ಶಾಸನ ವಿಭಾಗಗಳು ಎರಡು: ಸಂಸ್ಕೃತ-ದ್ರಾವಿಡ ಶಾಸನಗಳಿಗೆ ಮೈಸೂರು, ಅರಬಿ-ಪಾರಸಿಗೆ ನಾಗಪುರ. ಎರಡೂ ಕಡೆ ಓದಬಲ್ಲವರ ಅಗತ್ಯ ಯಾವತ್ತೂ ಇದೆ.

ಹಣ, ಕೆಲಸ

ಇಲ್ಲಿ ಬಣ್ಣದ ಮಾತು ಬೇಡ. ಇದು ಕ್ಯಾಂಪಸ್ ಸೆಲೆಕ್ಷನ್ ಇರುವ ವಿಷಯ ಅಲ್ಲ. ಮ್ಯೂಸಿಯಂ, ಪುರಾತತ್ವ ಇಲಾಖೆ, ಕಾಲೇಜು ಪಾಠ, ಖಾಸಗಿ ಸಂಗ್ರಹಗಳ ಪಟ್ಟಿ ಮಾಡುವುದು, ಜವಳಿ ವಿನ್ಯಾಸ ಸಂಸ್ಥೆಗಳು, ಹಳೆ ದಾಖಲೆಗಳ ಡಿಜಿಟಲ್ ಸಂಗ್ರಹ, ಪರಂಪರೆ ಪ್ರವಾಸ, ಪುಸ್ತಕ ಪ್ರಕಾಶನ ಇವು ಇರುವ ಕೆಲಸಗಳು. ಸರ್ಕಾರಿ ಹುದ್ದೆಗಳು ಕಡಿಮೆ, ವರ್ಷಗಟ್ಟಲೆ ಖಾಲಿ ಬಿಡುತ್ತಾರೆ. ಪಾಠ ಮಾಡಲು ಯುಜಿಸಿ ನೆಟ್ ಬೇಕು. ದೃಶ್ಯಕಲೆ ವಿಷಯದಡಿ ಕಲಾ ಇತಿಹಾಸ ಬರುತ್ತದೆ. ಪುರಾತತ್ವ ಮತ್ತು ಮ್ಯೂಸಿಯಾಲಜಿಗೆ ಬೇರೆ ಪತ್ರಿಕೆ ಇದೆ. ಅದರಲ್ಲಿ ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ 37 ಸಾವಿರ ರೂಪಾಯಿ. ಅಲ್ಪಸಂಖ್ಯಾತರಿಗೆಂದೇ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು ಇಂಥ ವಿಷಯ ಆರಿಸುವವರಿಗೇ, ಯಾಕೆಂದರೆ ಇಂಜಿನಿಯರನಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಶಾಸನ ಓದುವವನಿಗೆ ಸಿಗುವುದು ಕಷ್ಟ. ಈಗ ಉಳಿದಿರುವುದು ಜೆಆರ್‌ಎಫ್, ಆಯಾ ವಿಶ್ವವಿದ್ಯಾಲಯದ ಸಣ್ಣ ಸ್ಟೈಪೆಂಡು, ರಾಜ್ಯದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ಕೇಂದ್ರೀಯ ವಿಶ್ವವಿದ್ಯಾಲಯಗಳ ಶುಲ್ಕ ಖಾಸಗಿ ಕಾಲೇಜಿನ ಹೋಲಿಕೆಯಲ್ಲಿ ತುಂಬ ಕಡಿಮೆ ಎಂಬುದೊಂದು ಸಮಾಧಾನ. ಹಾಸ್ಟೆಲ್ ಇದೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿಯೇ ಇದೆ.

ನಮ್ಮ ಸಮಾಜದ ಟ್ರಸ್ಟುಗಳು ಮೆಡಿಕಲ್, ಇಂಜಿನಿಯರಿಂಗ್ ಮಕ್ಕಳಿಗೆ ಕೊಡುವ ನೆರವಿನಲ್ಲಿ ಒಂದು ಸಣ್ಣ ಪಾಲನ್ನು ಇಂಥ ಓದಿಗೂ ಇಟ್ಟರೆ ದೊಡ್ಡ ಖರ್ಚೇನಲ್ಲ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಕಂಬಗಳನ್ನು ನೋಡಿ ಎಷ್ಟೋ ಜನ "ಎಷ್ಟು ಹಳೇದು!" ಅಂದಿದ್ದಾರೆ. ಆ ಕೆತ್ತನೆಯನ್ನು ಮೂಡುಬಿದಿರೆಯ 1430ರ ಬಸದಿಯ ಕಂಬಗಳ ಜೊತೆ, ಮಲಬಾರಿನ ಮಸೀದಿಗಳ ಜೊತೆ ಇಟ್ಟು ನೋಡುವುದು ಹೇಗೆ ಎಂದು ಕಲಿತು ಬಂದವರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆ? ತುಳುನಾಡಿನ ಊರೂರು ಅಲೆದು ಶಿಲ್ಪ, ಗುಡಿ, ಶಾಸನ ದಾಖಲಿಸಿ 1975ರಲ್ಲಿ ದೊಡ್ಡ ಗ್ರಂಥ ಕೊಟ್ಟ ಪಾದೂರು ಗುರುರಾಜ ಭಟ್ಟರು ಕಾಲೇಜು ಮೇಷ್ಟರು. ರಜೆಯಲ್ಲಿ ಕೆಲಸ ಮಾಡಿದವರು.

ಈಗಲೇ ಶುರು ಮಾಡುವುದಾದರೆ

ಸೀಟು ಸಿಗುವವರೆಗೆ ಕಾಯಬೇಕಿಲ್ಲ. ಒಂದು ನೋಟ್‌ಬುಕ್, ಅಳತೆ ಟೇಪು, ಮೊಬೈಲ್ ಸಾಕು. ಊರಿನ ಒಂದೇ ವಸ್ತು ಆರಿಸಿ: ಒಂದು ಹಳೆ ಮಸೀದಿಯ ಮಿಹ್ರಾಬು, ಒಂದು ವೀರಗಲ್ಲು, ಅಜ್ಜಿಯ ಒಂದು ಸೀರೆ. ಮೊದಲ ದಿನ ಫೋಟೋ ತೆಗೆಯಬೇಡಿ. ಅರ್ಧ ಗಂಟೆ ಕೂತು ಕಂಡದ್ದನ್ನು ಬರೆಯಿರಿ, ಸುಂದರ, ಭವ್ಯ ಇಂಥ ಪದ ಬಿಟ್ಟು. ಅಗಲ, ಎತ್ತರ, ಬಣ್ಣ, ಎಲ್ಲಿ ಸವೆದಿದೆ, ಎಲ್ಲಿ ಹೊಸ ಸಿಮೆಂಟು ಬಳಿದಿದ್ದಾರೆ. ಎರಡನೇ ದಿನ ಫೋಟೋ, ನಾಲ್ಕು ಬದಿಯಿಂದ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಸೀರೆಯಾದರೆ ಹಿಂಬದಿಯದ್ದೂ ಬೇಕು, ಲಾಳಿ ಎಲ್ಲಿ ತಿರುಗಿದೆ ಎಂದು ಗೊತ್ತಾಗುವುದು ಅಲ್ಲೇ. ಆಮೇಲೆ ಹಿರಿಯರನ್ನು ಕೇಳಿ, ಅವರು ಹೇಳಿದ ಪದವನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಯಾವ ಭಾಷೆಯದ್ದಾದರೂ ಸರಿ, ತಿದ್ದಬೇಡಿ. ಮನೆಯ ಹಳೆ ಕಾಗದಗಳಿದ್ದರೆ ಬಿಸಿಲಿಗೆ ಹಾಕಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ, ಮಡಿಕೆ ಬಿಡಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಕಲ್ಲಿಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಿ ಅಕ್ಷರ ಓದಲು ಹೋಗಬಾರದು. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ ನಿಂತರೆ ಓರೆ ಬಿಸಿಲಿಗೆ ಅಕ್ಷರಗಳು ತಾವಾಗಿಯೇ ಕಾಣುತ್ತವೆ.